ಧೂಳು ಮೆತ್ತಿದ ಮುಖವೆಲ್ಲ ಭೀಮಶ್ಯಾನದಲ್ಲವೆಂದು ಹಾಜರಿ ಯಂತ್ರಕ್ಕೆ

ಮಾನ್ಯ ಹಾಜರಿ ಯಂತ್ರದವರೇ,

ಭಂಕೂರ ರಸ್ತೆಯ ನಮ್ಮ ಕಲ್ಲು ಪಾಲಿಶ್ ಘಟಕದ ಗೇಟಿನಲ್ಲಿ, ಆಯುಧಪೂಜೆಯ ಕುಂಕುಮವನ್ನು ಇನ್ನೂ ಹಣೆಯಲ್ಲಿಟ್ಟುಕೊಂಡು ವಿರಾಜಮಾನರಾಗಿರುವ ತಮಗೆ, ಸ್ಟೋರ್ ನೋಡಿಕೊಳ್ಳುವ ಉಮಾದೇವಿಯ ಸಾಷ್ಟಾಂಗ ನಮಸ್ಕಾರಗಳು. 'ಉತ್ತಮ ಕೆಲಸಗಾರ' ಪ್ರಶಸ್ತಿ ಯೋಜನೆ ಹೇಗಿದೆಯೆಂದು ಬರೆದುಕೊಡಲು ಆಡಳಿತದವರು ಫಾರಂ ಹಂಚಿದ್ದಾರೆ. ಗೆದ್ದವರನ್ನು ತಾವು ಹಾಕುವ ಅಂಕಗಳೇ ಆರಿಸುವುದರಿಂದ, ಫಾರಮ್ಮಿನಲ್ಲಿ ಹಿಡಿಸದಷ್ಟಿರುವ ನನ್ನ ಮೆಚ್ಚುಗೆಯನ್ನು ನೇರವಾಗಿ ತಮಗೇ ಅರ್ಪಿಸುತ್ತಿದ್ದೇನೆ.

ತಾವು ನಮ್ಮ ಮುಖಗಳನ್ನು ನೋಂದಾಯಿಸಿಕೊಂಡ ದಿನ ನಾವು ನಲವತ್ತು ಮಂದಿ ಮುಖ ತೊಳೆದು, ಪೌಡರ್ ಹಚ್ಚಿ, ಹೆಣ್ಣು ನೋಡಲು ಬಂದವರ ಮುಂದೆ ನಿಂತಂತೆ ನಿಂತಿದ್ದೆವು. ಭೀಮಶ್ಯಾ ಒಬ್ಬನೇ ಕಲ್ಲು ಕೊಯ್ಯುವುದನ್ನು ಅರ್ಧಕ್ಕೆ ಬಿಟ್ಟು, ಧೂಳು ಮೆತ್ತಿದ ಮುಖದಲ್ಲೇ ಬಂದ. ಅಂದಿನಿಂದ, ಪಾಳಿ ಮುಗಿಸಿ ಧೂಳಿನಲ್ಲೇ ಹೊರಡುವ ಪ್ರತಿಯೊಬ್ಬರನ್ನೂ, ನನ್ನನ್ನೂ ಸೇರಿಸಿ, ತಾವು 'ಧನ್ಯವಾದ, ಭೀಮಶ್ಯಾ' ಎಂದು ಬೀಳ್ಕೊಡುತ್ತಿದ್ದೀರಿ. ಗಡ್ಡ, ಮೂಗುತಿ ಎಂಬ ಭೇದವೆಣಿಸದ ಇಂಥ ಸಮದೃಷ್ಟಿ ದೊಡ್ಡ ದೊಡ್ಡ ಸಂತರಿಗೂ ದಕ್ಕಿರಲಾರದು.

ಹೀಗಾಗಿ ತಮ್ಮ ಲೆಕ್ಕದಲ್ಲಿ ಕಳೆದ ತಿಂಗಳು ಭೀಮಶ್ಯಾ ಒಂದು ದಿನವೂ ಬಿಡದೆ ಎರಡೂ ಪಾಳಿ ದುಡಿದು, ಅಂಕಗಳಲ್ಲಿ ಎಲ್ಲರಿಗಿಂತ ಮುಂದಿದ್ದಾನೆ. ಚಿಮ್ಮನಚೋಡದಲ್ಲಿ ಮಗಳ ಲಗ್ನಕ್ಕೆ ಬಂದ ಬೀಗರಿಗೆ ಹೋಳಿಗೆ ಬಡಿಸುತ್ತಿದ್ದ ದಿನ ಇಲ್ಲಿ ಮೂವತ್ತೆಂಟು ಸಲ ಗೇಟು ದಾಟಿದ್ದಾನೆ. "ನನಗ ಇಷ್ಟು ಕೆಲಸ ಬರ್ತದಂತ ನಮ್ಮವ್ವಗೂ ಗೊತ್ತಿದ್ದಿಲ್ರಿ ಅಕ್ಕೋರ" ಎಂದು ಅವನೇ ಕಣ್ಣರಳಿಸಿದ.

ಕಿರಿಕಿರಿಯೇನಾದರೂ ಇದ್ದರೆ ಯಂಕಮ್ಮನದು. ಇಪ್ಪತ್ತಾರು ವರ್ಷ ಪಾಲಿಶ್ ಯಂತ್ರದ ಮುಂದೆ ನಿಂತ ಆಕೆ ಈ ಶನಿವಾರ ನಿವೃತ್ತಳಾಗುತ್ತಾಳೆ. ಅದೇ ಸಂಜೆ ಪ್ರಶಸ್ತಿ ಸಮಾರಂಭ. ಮೈಕಿನಲ್ಲಿ ಒಮ್ಮೆ ತನ್ನ ಹೆಸರು ಕೇಳಬೇಕೆಂಬುದಷ್ಟೇ ಆಕೆಯ ಆಸೆ. ತಮ್ಮ ಗಮನ ಸೆಳೆಯಲು ನಳದ ಸಾಲಿನಲ್ಲಿ ನಿಂತು, ಮುಖ ತೊಳೆದು ಬಂದಳು. ತಾವು ಗುರುತಿಸಿದಿರಿ, ಸುಳ್ಳು ಹೇಳಲಾರೆ. ಗುರುತಿಸಿ, ಹೊರಡಲು ತಡಮಾಡಿದಳೆಂದು ಐದು ಅಂಕ ಕಳೆದಿರಿ. "ತೊಳಕೊಂಡ್ರ ತಡ ಅಂತದ, ತೊಳಕೊಳ್ಳದಿದ್ರ ಭೀಮಶ್ಯಾ ಅಂತದ. ಇದಕ್ಕ ಯಾವ ಮಾರಿ ತೋರಸಲೆವ್ವಾ?" ಎಂಬ ಆಕೆಯ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ.

ಆದುದರಿಂದ ತಾವು ಒಂದೇ ಒಂದು ಮಧ್ಯಾಹ್ನ ಗೋಡೆಯಿಂದಿಳಿದು, ಕಲ್ಲು ಕೊಯ್ಯುವಲ್ಲಿ ನಿಂತು, ಸಂಜೆ ಕನ್ನಡಿಯಲ್ಲಿ ತಮ್ಮದೇ ಮುಖ ನೋಡಿ ಹೆಸರು ಹೇಳಬೇಕಾಗಿ ವಿನಂತಿ. 'ಭೀಮಶ್ಯಾ' ಅಲ್ಲದೆ ಬೇರೇನಾದರೂ ಹೇಳಿದರೆ ಈ ಪತ್ರವನ್ನು ಹಿಂದೆ ಪಡೆಯುತ್ತೇನೆ.

ಅದಾಗದಿದ್ದರೆ, ಶನಿವಾರ ವೇದಿಕೆಯಿಂದ ಭೀಮಶ್ಯಾನ ಹೆಸರು ಕರೆದಾಗ, ತಮ್ಮ ದಾಖಲೆಯನ್ನು ಗೌರವಿಸಿ ನಾವು ನಲವತ್ತೊಂದು ಮಂದಿಯೂ ಮುಖ ತೊಳೆಯದೆ ಎದ್ದು ಬರುತ್ತೇವೆ. ಎಲ್ಲರ ಮುಂದೆ ಯಂಕಮ್ಮ ಇರುತ್ತಾಳೆ. ಎರಡು ಮಾತಾಡಲು ಮೈಕು ಭೀಮಶ್ಯಾನ ಕೈಗೆ ಬಂದೇ ಬರುತ್ತದೆ. ಅವನು ಆಡಬೇಕೆಂದಿರುವುದು ಒಂದೇ ಮಾತು, ಒಂದು ಹೆಸರು. ಈಗಿನಿಂದಲೇ ಗಟ್ಟಿಯಾಗಿ ಕೂಗಿ ರೂಢಿ ಮಾಡಿಕೊಳ್ಳುತ್ತಿದ್ದಾನೆ.

ಇಂತಿ ತಮ್ಮ ವಿಶ್ವಾಸಿ,
ಉಮಾದೇವಿ
(ತಮ್ಮ ದಾಖಲೆಯಂತೆ, ಭೀಮಶ್ಯಾ)

ತಾಜಾ ಕಲಂ: ಅಭಿಪ್ರಾಯದ ಫಾರಮ್ಮುಗಳನ್ನು ತಮಗೆ ಮುಖ ತೋರಿಸಿ ಸಲ್ಲಿಸಬೇಕೆಂಬ ಆದೇಶದಂತೆ ಎಲ್ಲರೂ ಪಾಳಿ ಮುಗಿದೊಡನೆ ಸಲ್ಲಿಸಿದ್ದೇವೆ. ನಲವತ್ತೊಂದೂ ಭೀಮಶ್ಯಾನ ಹೆಸರಿಗೇ ಸಂದಿವೆ. ಯೋಜನೆಯ ಬಗ್ಗೆ ಕೆಲಸಗಾರರಲ್ಲಿ ಪೂರ್ಣ ಒಮ್ಮತವಿದೆಯೆಂದು ತಾವು ಆಡಳಿತಕ್ಕೆ ಧೈರ್ಯವಾಗಿ ವರದಿ ಮಾಡಬಹುದು.