ಬೆರೆತ ಶಾಸ್ತ್ರಗಳ ಅಳತೆ

ಓದದ ಪುಸ್ತಕವನ್ನೂ ಓದಿದ್ದೇನೆಂದು ತಲೆಯಾಡಿಸುವ ಚಟ ನನಗೆ ಮೊದಲಿನಿಂದಲೂ ಇದೆ. ಬಾಯಿಮಾತಿನಲ್ಲಿ ಅದರಿಂದ ಯಾರಿಗೂ ಕೇಡಿಲ್ಲ. ಬರಹಕ್ಕೆ ಇಳಿದಾಗಲೇ ತೊಂದರೆ. ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಮೇಷ್ಟ್ರು. ಹೋದ ವರ್ಷ ಪ್ರಾಂಶುಪಾಲರು ಕರೆದು, ಅಧ್ಯಾಪಕರ ಸಂಶೋಧನೆಗಳಲ್ಲಿ ಎಷ್ಟೆಷ್ಟು ಶಾಸ್ತ್ರಗಳು ಬೆರೆತಿವೆ ಎಂದು ಅಳೆದು ಅಂಕ ಕೊಡಲು ಹೇಳಿದರು. ಹೆಚ್ಚು ಅಂಕ ಬಂದವರಿಗೆ ಸಂಶೋಧನೆ ಮುಂದುವರಿಸಲು ಆರು ತಿಂಗಳ ರಜೆ. ಅಳೆಯುವುದು ಸುಲಭವಿತ್ತು: ಪ್ರಬಂಧದ ಕೊನೆಯ ಪುಸ್ತಕಪಟ್ಟಿಯಲ್ಲಿ ಎಷ್ಟು ಶಾಸ್ತ್ರಗಳ ಪುಸ್ತಕಗಳಿವೆಯೋ ಅಷ್ಟು ಅಂಕ. ನನ್ನ ಪ್ರಬಂಧಕ್ಕೂ ನಾನೇ ಅಂಕ ಕೊಡಬೇಕಿತ್ತು. ಅದರ ಪಟ್ಟಿಯಲ್ಲಿ ಅರ್ಥಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರ ಎಲ್ಲ ಇದ್ದವು. ಶೋಭೆಗೆಂದು ಸೇರಿಸಿದ್ದೆ, ಒಂದನ್ನೂ ತೆರೆದಿರಲಿಲ್ಲ. ಮೊದಲ ಸ್ಥಾನ ನನಗೇ ಬಂತು. ಸಸ್ಯಶಾಸ್ತ್ರದ ಮೆಹಬೂಬ್ ಸರ್ ಕೊನೆಗೆ ಉಳಿದರು.

ಮರುದಿನ ಅವರು ಸ್ಟಾಫ್ ರೂಮಿಗೆ ಬಂದರು. "ನಂದು ಒಂದ ಶಾಸ್ತ್ರದ ಕೆಲಸ ಅಂತ ಬರದೀರಂತಲ್ರಿ ಸರ?"

"ನಿಮ್ಮ ಪಟ್ಟಿ ಪೂರಾ ಸಸ್ಯಶಾಸ್ತ್ರದ್ದ ಐತಲ್ರಿ. ನಾ ಏನ್ ಮಾಡ್ಲಿ?" ಎಂದೆ.

ಅವರು ಜಗಳಾಡಲಿಲ್ಲ. "ರವಿವಾರ ಇಂಡಿಗೆ ಬರ್ರಿ," ಎಂದಷ್ಟೇ ಹೇಳಿ ಹೋದರು.

ಇಂಡಿಯ ಹತ್ತಿರ ಕಾಶೀಬಾಯಿ ಎಂಬವರ ನಿಂಬೆ ತೋಟ. ಅಲ್ಲಿ ಒಣಗುತ್ತಿದ್ದ ಗಿಡಗಳನ್ನೇ ಮೆಹಬೂಬ್ ಎರಡು ವರ್ಷ ಅಭ್ಯಾಸ ಮಾಡಿದ್ದರು. ಕಾಶೀಬಾಯಿ ಚಹಾ ಕೊಟ್ಟು ಹೇಳಿದರು: "ಈ ಸರ ಬಾವಿ ನೀರ ನೋಡಿದ್ರು, ಮಣ್ಣ ನೋಡಿದ್ರು, ಪ್ಯಾಟ್ಯಾಗಿನ ದರ ಕೇಳಿದ್ರು, ನಮ್ಮತ್ತಿ ಹೇಳಿದ ಹಳೇ ಸಂಗತೀನೂ ಬರಕೊಂಡ್ರು. ಈಗ ಗಿಡ ಚಿಗರಾಕತ್ತಾವ. ನೀವೇನ್ ನೋಡ್ತೀರ್ರಿ?"

"ನಾ... ಇವರು ಏನೇನ್ ನೋಡ್ಯಾರ ಅಂತ ನೋಡ್ತೇನ್ರಿ."

ಆಕೆ ನಗಲಿಲ್ಲ. ಪಾಪ ಎಂಬಂತೆ ಇನ್ನೊಂದಿಷ್ಟು ಚಹಾ ಹಾಕಿದರು. ನಕ್ಕಿದ್ದರೇ ವಾಸಿ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಮೆಹಬೂಬರನ್ನು ಕೇಳಿದೆ: "ಇದನ್ನೆಲ್ಲಾ ಪಟ್ಟಿಯೊಳಗ ಯಾಕ ಹಾಕಲಿಲ್ರಿ?"

"ಕಾಶೀಬಾಯಿಯವರ ಅತ್ತಿ ಪುಸ್ತಕ ಬರದಿಲ್ಲಲ್ರಿ ಸರ."

ಸೋಮವಾರ ಪ್ರಾಂಶುಪಾಲರ ಮುಂದೆ ನಿಂತು, ನಾನು ಓದದ ಪುಸ್ತಕಗಳನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದೆ. ಉಳಿದದ್ದು ರಸಾಯನಶಾಸ್ತ್ರ ಒಂದೇ. ತೋಟದಲ್ಲಿ ಕಂಡದ್ದನ್ನು ಎರಡು ಪುಟ ಬರೆದು ಮೆಹಬೂಬರ ಪ್ರಬಂಧಕ್ಕೆ ಲಗತ್ತಿಸಿ, ಅವರ ಅಂಕ ತಿದ್ದಿದೆ.

"ಹಿಂಗಾದ್ರ ರಜಾ ಅವರಿಗೆ ಹೋಗ್ತೈತಿ ನೋಡ್ರಿ," ಎಂದರು ಪ್ರಾಂಶುಪಾಲರು.

"ಹೋಗ್ಲಿ ಬಿಡ್ರಿ," ಎಂದೆ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ನಿಜ.

ರಜೆ ಮೆಹಬೂಬರಿಗೇ ಸಿಕ್ಕಿತು. ಅವರ ತರಗತಿಗಳನ್ನು ತೆಗೆದುಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದಾಗ ಪ್ರಾಂಶುಪಾಲರು, "ಶಾಸ್ತ್ರ ಬೆರೆಯೂದು ಈಗ ನಿಮಗ ಚಲೋ ತಿಳದೈತಲ್ರಿ," ಎಂದು ನನ್ನ ಹೆಸರು ಬರೆದರು. ನಿನ್ನೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಎಲಿ ಕೆಳಗಿನ ಮೈ ಯಾಕ ತಿಳಿ ಹಸರ ಇರ್ತೈತ್ರಿ ಸರ?" ಎಂದಳು. "ನಾಳೆ ಹೇಳ್ತೇನವ್ವಾ," ಎಂದು ಪಾರಾದೆ. ಸಂಜೆ ಮೆಹಬೂಬರಿಗೆ ಫೋನ್ ಮಾಡಿದೆ. ಅವರು ಸಮಾಧಾನದಿಂದ ಹೇಳಿಕೊಟ್ಟು, "ತಿಳೀತೇನ್ರಿ ಸರ?" ಎಂದು ಕೇಳಿದರು. ಇಲ್ಲ ಎಂದೆ, ಮತ್ತೊಮ್ಮೆ ಹೇಳಿದರು.