ಅಕ್ಕನ ತುಳಸಿಗೆ ಬಂದ ಎಲೆಚುಕ್ಕೆ

ಊರಿಗೆಲ್ಲ ಬುದ್ಧಿ ಹೇಳುವವನ ಮಾತು ಅವನ ಮನೆಯಲ್ಲಿ ನಡೆಯುವುದಿಲ್ಲ. ಮಾಸ್ತರರು, ವಕೀಲರು, ಡಾಕ್ಟರರು ಎಲ್ಲರಿಗೂ ಇದು ಗೊತ್ತು, ಆದರೆ ಯಾರೂ ಹೊರಗೆ ಬಾಯಿಬಿಡುವುದಿಲ್ಲ. ನಾನು ಬಿಡುತ್ತೇನೆ, ನನಗೆ ಹೋಗುವ ಮಾನವೇನೂ ದೊಡ್ಡದಿಲ್ಲ. ಗದಗಿನ ಒಂದು ಕೃಷಿ ಕಚೇರಿಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ರೈತರಿಗೆ ಹಂಚುವ ಕರಪತ್ರಗಳಿಗೆ ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುಗಿಸಿ, ಮೂಗಿಗೆ ಮಸಿ ಹಚ್ಚಿಕೊಂಡು ಮನೆಗೆ ಬರುವುದು ನನ್ನ ನೌಕರಿ. ಟೈಪ್ ಹೊಡೆದೂ ಹೊಡೆದೂ ಬೆಳೆಗಳ ರೋಗಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಸಾಹೇಬರು ಇಲ್ಲದಾಗ ಮುಂಡರಗಿ, ಶಿರಹಟ್ಟಿ ಕಡೆಯ ರೈತರು ಶೇಂಗಾದ ಎಲೆ ಹಿಡಿದುಕೊಂಡು ನನ್ನ ಮೇಜಿಗೇ ಬರುತ್ತಿದ್ದರು. ನಾನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ಎಲೆಯನ್ನು ಬೆಳಕಿಗೆ ಹಿಡಿದು, “ಎಲಿಚುಕ್ಕಿ ರೋಗ ಐತ್ರಿ ಇದು” ಎಂದು ಗಂಭೀರವಾಗಿ ಹೇಳುತ್ತಿದ್ದೆ. ಯಳವತ್ತಿಯಲ್ಲಿ ಒಕ್ಕಲುತನ ಮಾಡಿ ಸತ್ತ ನನ್ನ ಅಪ್ಪ ಆ ಠೀವಿ ನೋಡಿದ್ದರೆ ನಕ್ಕು ನಕ್ಕು ಕೆಮ್ಮು ಬರಿಸಿಕೊಳ್ಳುತ್ತಿದ್ದ.

ಆಗ ನಾವು ಬೆಟಗೇರಿಯಲ್ಲಿ ಬಾಡಿಗೆಗೆ ಇದ್ದೆವು, ನಾನು ಮತ್ತು ನನ್ನ ಹೆಂಡತಿ ಶಾಂತಾ. ಬೆಳ್ಳಟ್ಟಿಯಲ್ಲಿದ್ದ ನನ್ನ ಅಕ್ಕನ ಗಂಡ, ನಮ್ಮ ಮಾವ, ತೀರಿಕೊಂಡರು. ಮಕ್ಕಳಿರಲಿಲ್ಲ, ಅಕ್ಕನನ್ನು ನಾನೇ ಹೋಗಿ ಕರೆದುಕೊಂಡು ಬಂದೆ. ಬಸ್ಸಿನ ಮೇಲೆ ಒಂದು ಟ್ರಂಕು, ಅವಳ ಮಡಿಲಲ್ಲಿ ಒಂದು ಎಣ್ಣೆ ಡಬ್ಬಿ, ಡಬ್ಬಿಯಲ್ಲಿ ಒಂದು ತುಳಸಿ. ಮಾವ ಪಂಢರಪುರಕ್ಕೆ ನಡೆದು ಹೋಗಿ ಬಂದಾಗ ಒದ್ದೆ ಅರಿವೆಯಲ್ಲಿ ಸುತ್ತಿ ತಂದ ಸಸಿ ಅದು. ಡಬ್ಬಿಯನ್ನೂ ಮೇಲೆ ಹಾಕಿ ಎಂದು ಕಂಡಕ್ಟರ್ ಹಟ ಹಿಡಿದ. ಅಕ್ಕ ಸೆರಗಿನ ಗಂಟು ಬಿಚ್ಚುತ್ತ, “ಅದಕ್ಕೂ ಒಂದು ಟಿಕೀಟು ಹರೀರಿ. ಮ್ಯಾಲೆ ಮಾತ್ರ ಇಡಂಗಿಲ್ಲ” ಎಂದಳು. ಆತ ಅವಳ ಬರಿಗೈ, ಬರಿಹಣೆ ನೋಡಿ ಮುಂದಕ್ಕೆ ಹೋದ.

ನಮ್ಮ ಹಿತ್ತಲಲ್ಲಿ ಅಕ್ಕ ತಾನೇ ಮಣ್ಣು ಕಲಸಿ ಕಟ್ಟೆ ಕಟ್ಟಿದಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಒಂದು ತಂಬಿಗೆ ನೀರನ್ನು ತುಳಸಿಯ ನೆತ್ತಿಯಿಂದ ಸುರಿಯುವಳು. ಬುಡಕ್ಕೆ ಹಾಕುವುದಲ್ಲ, ನೆತ್ತಿಗೆ. ಮಾವನಿಗೆ ಬಚ್ಚಲಲ್ಲಿ ಬೆನ್ನು ತಿಕ್ಕಿ ನೀರು ಹಾಕುತ್ತಿದ್ದ ಹಾಗೆ, ಒಂದೊಂದು ಎಲೆಯೂ ತೊಯ್ಯುವಂತೆ, ಸಾವಕಾಶ. ಹಾಕುತ್ತ ಹಾಕುತ್ತ ಏನೋ ಮಾತಾಡುವಳು. ನಮ್ಮ ಜೊತೆ ಇಡೀ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ನಳದ ನೀರು ತನಗೆ ಮನಸ್ಸು ಬಂದಾಗ ಬರುವ ಊರು ನಮ್ಮದು. ಕುಡಿಯುವ ನೀರಿಗೆ ಕೊಡ ಹೊತ್ತು ಓಣಿ ಓಣಿ ತಿರುಗುವ ಶಾಂತಾ ಕೂಡ ಆ ಒಂದು ತಂಬಿಗೆಯ ಬಗ್ಗೆ ಚಕಾರ ಎತ್ತಲಿಲ್ಲ. ನನ್ನ ಚಹಾಕ್ಕೆ ಮಾತ್ರ ನೀರು ಕಡಿಮೆಯಾಯಿತು, ಮನೆಯಲ್ಲಿ ನನ್ನ ಸ್ಥಾನ ಎಲ್ಲಿದೆ ಎಂದು ಹೀಗೆ ತಿಳಿಯಿತು.

ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗ ಎಲೆಗಳ ಮೇಲೆ ಕಂದು ಚುಕ್ಕೆ ಕಾಣಿಸಿದವು. ಚುಕ್ಕೆ ದೊಡ್ಡದಾಗಿ, ನಡುವೆ ಸುಟ್ಟಂತಾಗಿ, ಎಲೆ ಹಳದಿಯಾಗಿ ಉದುರತೊಡಗಿತು. ಅಕ್ಕ ಹೆದರಿದಳು. ಸೇವೆಯಲ್ಲಿ ಏನೋ ಕಡಿಮೆಯಾಗಿದೆ ಎಂದುಕೊಂಡು ತಂಬಿಗೆ ಬಿಟ್ಟು ಕೊಡವನ್ನೇ ಎತ್ತಿದಳು. ಬೆಳಿಗ್ಗೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಇನ್ನೊಮ್ಮೆ. ಉದುರಿದ ಎಲೆ ತುಳಿಯಬಾರದು, ಕಸಕ್ಕೆ ಹಾಕಬಾರದು ಎಂದು ಆರಿಸಿ ಅದೇ ಬುಡಕ್ಕೆ ಇಟ್ಟಳು. ನಮ್ಮ ಕರಪತ್ರದಲ್ಲಿ ಏನೇನು ಮಾಡಬೇಡಿರಿ ಎಂದು ಹೊಡೆದಿದ್ದೆನೋ ಅದಷ್ಟನ್ನೂ ಅಕ್ಕ ಭಕ್ತಿಯಿಂದ ಮಾಡುತ್ತಿದ್ದಳು. ನಾನು ಬೆಳಗಾದರೆ ಕಚೇರಿಗೆ ಓಡುವವನು, ಹಿತ್ತಲಿಗೆ ಹೋಗಿ ನೋಡಿರಲಿಲ್ಲ.

ಪಕ್ಕದ ಮನೆಯ ಗಂಗವ್ವ ನೋಡಿದ್ದಳು. ಗೋಡೆಯ ಮೇಲಿಂದ ಕತ್ತು ಚಾಚಿ, “ಗಂಡ ಇಲ್ಲದಾಕಿ ದಿನಾ ಮುಟ್ಟಿದ್ರ ತುಳಸಿ ಹೆಂಗ ತಡಕೊಂತೈತಿ?” ಎಂದಳಂತೆ. ಆಕೆ ಕೆಟ್ಟವಳಲ್ಲ, ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವಳು. ಆ ಮಾತನ್ನು ಮಾತ್ರ ನಾನು ಇವತ್ತಿಗೂ ಮರೆತಿಲ್ಲ. ಅಕ್ಕ ಅಂದು ಊಟಕ್ಕೆ ಏಳಲಿಲ್ಲ. ಕರೆಯಲು ಹೋದರೆ ಹಿತ್ತಲ ಬಾಗಿಲಲ್ಲಿ ಕುಳಿತಿದ್ದಳು.

“ಅವರನ್ನ ನುಂಗಿದ್ದು ಸಾಲದ್ದಕ್ಕ, ಅವರು ತಂದ ಗಿಡಾನೂ ನುಂಗಾಕ ಹತ್ತೇನಿ ನೋಡೋ ತಮ್ಮಾ” ಎಂದಳು.

ಆಗ ನಾನು ಗಿಡ ನೋಡಿದೆ. ಒಂದು ಎಲೆ ಬೆಳಕಿಗೆ ಹಿಡಿದೆ. ನನ್ನ ಮುಖ ಅರಳಿತು ಎಂದರೆ ನೀವು ನಂಬಬೇಕು. ಇಷ್ಟು ವರ್ಷ ಮೂಗಿಗೆ ಮಸಿ ಬಳಿದುಕೊಂಡದ್ದು ಸಾರ್ಥಕವಾಯಿತು, ಅಕ್ಕನನ್ನು ಆ ಮಾತಿನಿಂದ ಬಿಡಿಸುವ ಔಷಧ ನನ್ನ ಬಳಿ ಇದೆ ಎನಿಸಿತು. ಅವಳ ಪಕ್ಕದಲ್ಲಿ ಕುಳಿತು ರೈತರಿಗೆ ಹೇಳುವಂತೆ ಹೇಳಿದೆ. ಇದು ಬೂಷ್ಟಿನ ಜಾತಿಯ ರೋಗ. ಎಲೆ ಹಸಿಯಾಗಿದ್ದರೆ ಬೆಳೆಯುತ್ತದೆ, ನೀರು ಸಿಡಿದಾಗ ಒಂದು ಎಲೆಯಿಂದ ಇನ್ನೊಂದಕ್ಕೆ ಹತ್ತುತ್ತದೆ, ಉದುರಿದ ಎಲೆಯಲ್ಲಿ ಉಳಿದು ಮತ್ತೆ ಮೇಲೇರುತ್ತದೆ. ಬೇರೆ ಗಿಡವಾಗಿದ್ದರೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಸಿಂಪಡಿಸಬಹುದಿತ್ತು, ಬಾಯಿಗೆ ಹಾಕಿಕೊಳ್ಳುವ ಎಲೆಗೆ ಅದು ಬೇಡ. ರೋಗದ ಎಲೆ ಕಿತ್ತು ದೂರ ಹುಗಿದು, ಬುಡಕ್ಕಷ್ಟೇ ನೀರು ಹಾಕಿ, ಗಾಳಿ ಬಿಸಿಲು ಆಡಲು ಬಿಟ್ಟರೆ ಸಾಕು. ಕೊನೆಗೆ ಗೆದ್ದವನಂತೆ ಅಂದೆ:

“ನಿನ್ನ ಪಾಪದಿಂದ ಬಂದದ್ದಲ್ಲ ಅಕ್ಕಾ ಇದು. ನೀ ದಿನಾ ಮ್ಯಾಲಿಂದ ನೀರು ಹಾಕ್ತಿಯಲ್ಲ, ಅದರಿಂದ ಬಂದದ್ದು.”

ಅಕ್ಕ ತನ್ನ ಎರಡೂ ಕೈ ನೋಡಿಕೊಂಡಳು.

“ಅಂದ್ರ ಖರೇನ ನನ್ನ ಕೈಯಿಂದನ ಆತು” ಎಂದಳು.

ಎಷ್ಟು ಹೇಳಿದರೂ ಅದನ್ನು ಅವಳ ಮನಸ್ಸಿನಿಂದ ತೆಗೆಯಲು ನನ್ನಿಂದಾಗಲಿಲ್ಲ. ನೀನೇ ಬುಡಕ್ಕೆ ಹಾಕು ಎಂದು ತಂಬಿಗೆಯನ್ನು ಕೈಗೆ ಕೊಟ್ಟರೆ, ಕೆಳಗಿಟ್ಟು ಒಳಗೆ ಹೋದಳು. ಎಲೆ ಕಿತ್ತು ಹುಗಿದವನು ನಾನು, ಬುಡಕ್ಕೆ ನೀರು ಹಾಕಿದವಳು ಶಾಂತಾ. ಮಳೆ ಹಿಂದೆ ಸರಿಯಿತು, ಬಿಸಿಲು ಬಿತ್ತು. ದೀಪಾವಳಿಯ ಹೊತ್ತಿಗೆ ತುಳಸಿ ಪುಟಿದು ನಿಂತಿತು. ತುಳಸಿ ಲಗ್ನಕ್ಕೆ ಬಂದ ಗಂಗವ್ವ ಕೂಡ ಮೂಗಿನ ಮೇಲೆ ಬೆರಳಿಟ್ಟಳು. ಹೀಗೆ ಕರಪತ್ರ ಗೆದ್ದಿತು. ಅಕ್ಕ ಬಾಗಿಲಲ್ಲೇ ನಿಂತು ಕೈಮುಗಿದು, “ನಾ ಕೈ ಬಿಟ್ಟ ಮ್ಯಾಲೆ ಹೆಂಗ ಚಿಗಿತೈತಿ ನೋಡು” ಎಂದಳು. ಅವಳ ದನಿಯಲ್ಲಿ ಸಂತೋಷವೇ ಇತ್ತು, ನನಗೆ ಅಳು ಬಂತು.

ಅಂದಿನಿಂದ ನನಗೆ ಒಂದೇ ಹಟ. ನನ್ನ ಕೈಯಿಂದಲೂ ಆ ಗಿಡಕ್ಕೆ ರೋಗ ಬರಬೇಕು, ತಪ್ಪು ನೀರಿನದು, ತನ್ನ ಕೈಯದಲ್ಲ ಎಂದು ಅಕ್ಕ ಕಣ್ಣಾರೆ ನೋಡಬೇಕು. ಬೆಳಿಗ್ಗೆ ಎದ್ದು, ಅವಳು ನೋಡುವ ಹೊತ್ತಿಗೆ ಸರಿಯಾಗಿ, ಕೊಡಗಟ್ಟಲೆ ನೀರನ್ನು ನೆತ್ತಿಯಿಂದಲೇ ಸುರಿಯತೊಡಗಿದೆ. ಸಂಜೆಯೂ ಸುರಿದೆ. ನೀರಿಗಾಗಿ ಶಾಂತಾ ನನ್ನ ಜೊತೆ ಮಾತು ಬಿಟ್ಟಳು. ಚಳಿಗಾಲ ಹೋಗಿ ನಮ್ಮ ಕಡೆಯ ಒಣ ಬೇಸಿಗೆ ಬಂತು. ಹಾಕಿದ ನೀರು ಎಲೆಯ ಮೇಲೆ ನಿಲ್ಲುವ ಮೊದಲೇ ಆರಿಹೋಗುತ್ತಿತ್ತು. ರೋಗ ತಡೆಯುವುದನ್ನು ಊರಿಗೆಲ್ಲ ಹೇಳಿದವನಿಗೆ, ರೋಗ ತರಿಸುವುದು ಮಾತ್ರ ಬರಲಿಲ್ಲ. ದಿನಾ ಬಗ್ಗಿ ಎಲೆ ಎಲೆಯನ್ನೂ ಹುಡುಕಿದೆ. ಒಂದು ಚುಕ್ಕೆ ಇಲ್ಲ.

ಬರುವ ಮಳೆಗಾಲಕ್ಕೆ ನೋಡೋಣ ಎಂದುಕೊಂಡೆ. ಮಳೆಗಾಲಕ್ಕೆ ಅಕ್ಕ ಇರಲಿಲ್ಲ. ತೀರಿಕೊಳ್ಳುವ ಮುಂಚೆ ಒಂದು ಬೆಳಿಗ್ಗೆ, ನಾನು ಒದ್ದೆ ಧೋತರದಲ್ಲಿ ಖಾಲಿ ಕೊಡ ಹಿಡಿದು ಗಿಡದ ಮುಂದೆ ನಿಂತಿದ್ದಾಗ, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಳು. ಹಸಿರು ತುಂಬಿದ ತುಳಸಿಯನ್ನು ನೋಡಿದಳು, ನನ್ನನ್ನು ನೋಡಿದಳು.

“ನೀ ಮ್ಯಾಲಿಂದ ಹಾಕಿದ್ರೂ ಏನೂ ಆಗಿಲ್ಲ ನೋಡು” ಎಂದಳು, “ನಿನ್ನ ಕೈ ಚಲೋ ಐತಿ ತಮ್ಮಾ.”