ಕರುವಿಲ್ಲದ ಹಾಲು

ಎಮ್ಮೆಯಿಲ್ಲದೆ, ಆಕಳಿಲ್ಲದೆ, ಕಡೆಗೆ ಒಂದು ಆಡಿನ ಸಹಾಯವೂ ಇಲ್ಲದೆ ಹಾಲು ತೆಗೆಯುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಆ ಹಾಲಿನ ಪಾತ್ರೆಗಳನ್ನು ತಿಕ್ಕಿದ್ದೇನೆ! ಅವರು ನನ್ನ ಗಂಡನ ಚಿಕ್ಕಪ್ಪ. ಮನೆಮಂದಿಯೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ಅಮ್ಮಿನಬಾವಿಯಿಂದ ಹುಬ್ಬಳ್ಳಿಗೆ ಸೊಸೆಯಾಗಿ ಬಂದ ನಾನೂ ಅದನ್ನೇ ರೂಢಿ ಮಾಡಿಕೊಂಡೆ. ಅರವತ್ತರ ದಶಕದ ನಡುಗಾಲ, ರೇಷನ್ ಅಂಗಡಿಗೆ ಪರದೇಶದ ಕೆಂಪು ಜೋಳ ಬರುತ್ತಿದ್ದ ದಿನಗಳು. ಊರಿಗೆಲ್ಲ ಜೋಳದ ಚಿಂತೆಯಾದರೆ ನಮ್ಮ ಕಾಕಾಗೆ ಮಾತ್ರ ಬೇರೆಯೇ ಒಂದು ಕಾಳಿನ ಚಿಂತೆ.

ಕಾಳಿನ ವಿಷಯದಲ್ಲಿ ಅವರಿಗೆ ಅಧಿಕಾರವಿಲ್ಲದೆ ಇರಲಿಲ್ಲ. ನಮ್ಮದು ದವಸದ ಅಂಗಡಿ. ನನ್ನ ಮಾವನವರು ವ್ಯಾಪಾರ ಮಾಡುತ್ತಿದ್ದರು, ಕಾಕಾ ವ್ಯಾಪಾರ ಕೆಡಿಸುತ್ತಿದ್ದರು. ಗಿರಾಕಿ ಬಂದು ತೊಗರಿಬೇಳೆ ಕೇಳಿದರೆ ಅವನ ಮುಖ ಒಮ್ಮೆ ನೋಡಿ, "ನಿಮಗ ವಾತ ಐತಿ ಕಾಣತೈತಿ. ತೊಗರಿ ಬ್ಯಾಡ, ಹೆಸರು ಒಯ್ರಿ. ನಮ್ಮಲ್ಲಿ ಹೆಸರು ಈ ಸಲ ಛಲೋ ಇಲ್ಲ, ಎದುರಿನ ಅಂಗಡ್ಯಾಗ ನೋಡ್ರಿ" ಎನ್ನುತ್ತಿದ್ದರು. ಇಂಥ ತಮ್ಮನಿರುವಾಗ ಮಾವನವರಿಗೆ ಬೇರೆ ವೈರಿ ಯಾಕೆ ಬೇಕು? ವಯಸ್ಸು ಐವತ್ತರ ಹತ್ತಿರ, ತಲೆ ಪೂರ್ತಿ ಬೋಳು, ಮದುವೆಯಾಗಿರಲಿಲ್ಲ. "ಹೆಣ್ಣು ನೋಡಾಕ ಹೋದಲ್ಲೂ ಅವರ ಮನಿ ಕಡಲಿ ಆರಿಸಿಕೋತ ಕುಂತಿದ್ದ" ಎಂದು ಅಜ್ಜಿ, ಅಂದರೆ ಅವರ ತಾಯಿ, ನಗುತ್ತ ಹೇಳುತ್ತಿದ್ದರು.

ಧಾರವಾಡದಲ್ಲಿ ಒಕ್ಕಲುತನದ ಪಾಠ ಹೇಳುತ್ತಿದ್ದ ಗೆಳೆಯನೊಬ್ಬ ಒಂದು ದಿನ ಕಾಕಾನ ಕೈಗೆ ಒಂದು ಸಣ್ಣ ಗಂಟು ಕೊಟ್ಟ. ಬಟಾಣಿಗಿಂತ ಚಿಕ್ಕದಾದ, ದುಂಡನೆಯ, ಹಳದಿ ಕಾಳು. ಸೋಯಾ ಅವರೆಯಂತೆ! ಅದನ್ನು ಹತ್ತಿರದ ಸುಳ್ಳ ಎಂಬ ಹಳ್ಳಿಯಲ್ಲಿದ್ದ ನಮ್ಮ ಹೊಲದಲ್ಲಿ ಹತ್ತಿಯ ಪಕ್ಕಕ್ಕೆ ಬಿತ್ತಿಸಿದರು. ಬೆಳೆಯೇನೋ ಬಂತು. ಆದರೆ ತಿನ್ನುವವರು ಯಾರು? ಅತ್ತೆ ಒಮ್ಮೆ ಸಾರಿಗೆಂದು ಒಲೆಯ ಮೇಲಿಟ್ಟರು. ಕಟ್ಟಿಗೆ ಬೂದಿಯಾಯಿತು, ಕಾಳು ಮಾತ್ರ ಹೊಲದಲ್ಲಿದ್ದ ಹಾಗೆಯೇ ಇತ್ತು. "ಇದನ್ನ ಗೋಡಿಗೆ ಹೊಡದ್ರ ಗೋಡಿ ಒಡೀತೈತಿ" ಎಂದು ಅತ್ತೆ ಚೀಲವನ್ನು ಅಟ್ಟಕ್ಕೆ ಹತ್ತಿಸಿಬಿಟ್ಟರು.

ಆ ಚೀಲ ಅಲ್ಲೇ ಹುಳ ಹಿಡಿದು ಹೋಗುತ್ತಿತ್ತು. ಆದರೆ ಆ ಚಳಿಗಾಲದಲ್ಲಿ ಅಜ್ಜಿಗೆ ವಿಷಮಜ್ವರ ಬಂತು. ಜ್ವರ ಬಿಟ್ಟಿತು, ಅಜ್ಜಿ ಮಾತ್ರ ಹಾಸಿಗೆ ಬಿಡಲಿಲ್ಲ. ಹಾಲು ಕುಡಿದರೆ ಹೊಟ್ಟೆ ಕೆಡುತ್ತಿತ್ತು, ಮಜ್ಜಿಗೆಯೂ ಅಷ್ಟೇ. ಬೇಳೆ ತಿಂದರೆ ಉಬ್ಬರ. ಬಾಯಲ್ಲಿ ಹಲ್ಲಿರಲಿಲ್ಲ. ಗಂಜಿಯ ಮೇಲೆ ದಿನ ತಳ್ಳುತ್ತ ಅವರ ಕೈಯ ಬೆಳ್ಳಿಯ ಬಳೆಗಳು ಮೊಣಕೈಯವರೆಗೆ ಸರಿದಾಡತೊಡಗಿದವು. ಡಾಕ್ಟರು ಬಂದು ನೋಡಿ, ಕಾಕಾನನ್ನು ಪಡಸಾಲೆಗೆ ಕರೆದು ಹೇಳಿದರು: "ಮೈಯಾಗ ಶಕ್ತಿ ಇಲ್ರಿ. ತತ್ತಿ ಕೊಡ್ರಿ, ಮಾಂಸದ ಸೂಪ್ ಕೊಡ್ರಿ. ಇಲ್ಲಂದ್ರ ಮುದುಕಿ ಏಳೂದು ಕಠಿಣ ಐತಿ."

ಕೊರಳಲ್ಲಿ ಲಿಂಗವಿದ್ದ, ದೇವರಿಗೆ ಎಡೆ ಹಿಡಿಯದೆ ಒಂದು ತುತ್ತೂ ಬಾಯಿಗಿಡದ ಅಜ್ಜಿ ತತ್ತಿ ತಿನ್ನುವುದುಂಟೆ? ಒಳಗಿನಿಂದಲೇ ಕೇಳಿಸಿಕೊಂಡು, "ಡಾಕ್ಟರಿಗೆ ಚಾ ಕೊಟ್ಟು ಕಳಸ್ರಿ" ಎಂದರು. ಆಮೇಲೆ ನನ್ನನ್ನು ಹತ್ತಿರ ಕರೆದು, "ಯವ್ವಾ, ಪಂಚಮಿತನಕ ಇದ್ರ ಸಾಕು. ನಾಗಪ್ಪಗ ಹಾಲೆರದು ಎಲ್ಲಾರ ಪಾಲೂ ಹೇಳಿಬಿಡತೇನಿ" ಎಂದರು. ನಾಗರಪಂಚಮಿಯ ದಿನ ಓಣಿಯ ನಾಗಪ್ಪನ ಕಟ್ಟೆಗೆ ಹೋಗಿ, ದೇವರ ಪಾಲು, ಗುರುವಿನ ಪಾಲು ಎನ್ನುತ್ತ ಹಾಲೆರೆದು, ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಪಾಲು ಹಾಕುವುದು ಅವರ ಕೆಲಸ. ಅದನ್ನು ಅವರು ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ಕಾಕಾ ಬಾಗಿಲಲ್ಲಿ ನಿಂತು ಈ ಮಾತು ಕೇಳಿದರು. ನೇರವಾಗಿ ಹೋಗಿ ಅಟ್ಟ ಹತ್ತಿದರು.

ಗೆಳೆಯನನ್ನು ಕೇಳಿಕೊಂಡು ಬಂದಿದ್ದ ವಿದ್ಯೆ ಇಷ್ಟು: ಜಪಾನಿನಲ್ಲಿ ಈ ಕಾಳನ್ನು ನೆನೆಹಾಕಿ, ರುಬ್ಬಿ, ಹಿಂಡಿ ಹಾಲು ತೆಗೆಯುತ್ತಾರೆ. ಆ ಹಾಲನ್ನು ಒಡೆಸಿ ನಮ್ಮ ಗಿಣ್ಣದ ಹಾಗೆ ಮೆತ್ತನೆಯ ಗಡ್ಡೆ ಮಾಡುತ್ತಾರೆ. ಹಲ್ಲು ಬೇಡ, ಅದರಲ್ಲಿ ಹಾಲಿನ ಅಂಶವೂ ಇಲ್ಲ. ಈಗ ಅಂಗಡಿಗಳಲ್ಲಿ ತೋಫು ಎಂದು ಮಾರುತ್ತಾರಲ್ಲ, ಅದೇ! ಆಗ ನಮಗೆ ಆ ಹೆಸರು ಗೊತ್ತಿರಲಿಲ್ಲ. ಮನೆಯಲ್ಲಿ ಅದು ಕಾಳಿನ ಗಿಣ್ಣ.

ಕೇಳಲು ಎಷ್ಟು ಸುಲಭ! ಮೊದಲ ದಿನ ಹಾಲು ಒಲೆಯ ಮೇಲೆ ಬುರುಗೆದ್ದು, ಉಕ್ಕಿ, ಒಲೆಯನ್ನೇ ನಂದಿಸಿತು. ಅಡುಗೆಮನೆಯ ತುಂಬ ಹಸಿ ಅವರೆಯ ವಾಸನೆ. ಎರಡನೆಯ ಸಲ ಕಾಯಿತು, ಆದರೆ ಗಡ್ಡೆ ಕಟ್ಟಬೇಕಲ್ಲ? ನಮ್ಮ ಕಡೆಯವರಿಗೆ ಹಾಲು ಗಟ್ಟಿಯಾಗಬೇಕೆಂದರೆ ಒಂದೇ ದಾರಿ ಗೊತ್ತು. ಕಾಕಾ ಅದಕ್ಕೆ ಮಜ್ಜಿಗೆಯ ಹೆಪ್ಪು ಹಾಕಿಟ್ಟರು! ಬೆಳಗ್ಗೆ ಅದು ಮೊಸರಿನ ಹಾಗೆ ಕಂಡದ್ದೇ ತಡ, ಕಡಗೋಲು ತಂದು ಬೆಣ್ಣೆ ತೆಗೆಯಲು ಕುಳಿತರು. ಮಧ್ಯಾಹ್ನವಾಯಿತು. ಬೆಣ್ಣೆ ಬರಲಿಲ್ಲ, ಕಾಕಾನ ಮೈಯಿಂದ ಬೆವರು ಬಂತು. ಅತ್ತೆ ಬಾಗಿಲಿಗೆ ಆತು ನಿಂತು, "ತುಪ್ಪ ಯಾವಾಗ ಕಾಸೂದ್ರಿ?" ಎಂದು ವಿಚಾರಿಸಿಕೊಂಡು ಹೋದರು.

ಕಡೆಗೆ ಕೈಹಿಡಿದದ್ದು ಲಿಂಬೆಹಣ್ಣು. ಕುದಿಯುವ ಹಾಲಿಗೆ ರಸ ಹಿಂಡಿದರೆ ಬೆಳ್ಳಗೆ ಒಡೆದು, ಹಳದಿ ನೀರು ಬೇರೆಯಾಗುತ್ತಿತ್ತು. ಅದನ್ನು ಬಟ್ಟೆಯಲ್ಲಿ ಕಟ್ಟಿ ಮೇಲೆ ಭಾರ ಹೇರಬೇಕು. ಬಟ್ಟೆ? ಮಾವನವರ ಹಬ್ಬದ ಧೋತರ. ಭಾರ? ಅದಕ್ಕೂ ಕಾಕಾ ಹುಡುಕಾಡಲಿಲ್ಲ. ಊರಿಗೆ ಕಿಲೋ ಬಂದ ಮೇಲೆ ನಮ್ಮ ಅಂಗಡಿಯ ಹಳೆಯ ಸೇರಿನ ಗುಂಡುಗಳು ಕೆಲಸವಿಲ್ಲದೆ ಮೂಲೆಯಲ್ಲಿ ಕೂತಿದ್ದವು. ಅವುಗಳಿಗೆ ಮತ್ತೆ ನೌಕರಿ ಸಿಕ್ಕಿತು! ಧೋತರ ಬಿಚ್ಚಿದಾಗ ಒಳಗೆ ಬಿಳಿಯ, ನಡುಗುವ, ಒಂದು ಹಿಡಿ ಗಡ್ಡೆ. ಕಾಕಾ ಅದನ್ನು ತಾಟಿನಲ್ಲಿಟ್ಟುಕೊಂಡು ಕೂಸು ಹುಟ್ಟಿದವರ ಹಾಗೆ ಮನೆಯೆಲ್ಲ ತೋರಿಸಿ ಬಂದರು. ಮಾವನವರು ಗಡ್ಡೆಯನ್ನು ನೋಡಲಿಲ್ಲ, ಧೋತರವನ್ನೇ ನೋಡುತ್ತಿದ್ದರು.

ಇನ್ನು ಇದು ಮೈಗೆ ಒಳ್ಳೆಯದೋ ಕೆಟ್ಟದ್ದೋ? ಇಡೀ ಓಣಿ ಎರಡು ಪಕ್ಷವಾಯಿತು. ಗಾಂವಠಿ, ಅಂದರೆ ನಾಟಿ ಔಷಧ ಕೊಡುತ್ತಿದ್ದ ಪಂಡಿತರು "ಜಡ, ವಾತ ಹೆಚ್ಚಸತೈತಿ" ಎಂದರು. ಪಕ್ಕದ ಮನೆಯವರು "ಅದು ದನದ ಮೇವಂತಲ್ರಿ?" ಎಂದರು. ಕಾಕಾ ಸುಮ್ಮನಿರುತ್ತಾರೆಯೇ? "ಜ್ವಾಳದ ದಂಟೂ ದನ ತಿಂತಾವ. ಹಂಗಂತ ನೀವು ರೊಟ್ಟಿ ಬಿಟ್ಟೀರೇನು?" ಡಾಕ್ಟರು ಮಾತ್ರ ಗದ್ದ ತುರಿಸಿಕೊಂಡು ಖರೇ ಮಾತು ಹೇಳಿದರು: "ಪುಷ್ಟಿ ಐತಿ ಅಂತ ಓದೇನಿ. ಆದ್ರ ಜ್ವರದಿಂದ ಎದ್ದ ಮುದುಕರ ಹೊಟ್ಟಿಗೆ ಒಗ್ಗತೈತೋ ಇಲ್ಲೋ, ನಮ್ಮ ಊರಾಗ ಯಾರ ತಿಂದು ನೋಡ್ಯಾರ್ರಿ?"

"ನಾ ನೋಡತೇನ್ರಿ" ಎಂದರು ಕಾಕಾ.

ಅಂದಿನಿಂದ ಅವರು ಎಮ್ಮೆಯ ಹಾಲು, ಮೊಸರು, ಬೆಣ್ಣೆ ಬಿಟ್ಟರು. ರೊಟ್ಟಿಯ ಮೇಲೆ ಬೆಣ್ಣೆಯಿಲ್ಲದಿದ್ದರೆ ತಾಟಿನ ಮುಂದಿನಿಂದ ಎದ್ದುಹೋಗುತ್ತಿದ್ದ ಮನುಷ್ಯ! ತಮ್ಮ ಮೇಲೇ ಪರೀಕ್ಷೆ ನಡೆಸಿ, ಸರಿಹೋದರೆ ಮಾತ್ರ ತಾಯಿಗೆ ಕೊಡುವುದು ಎಂದು ಹಟ. ವಾರಕ್ಕೊಮ್ಮೆ ಅಂಗಡಿಯಲ್ಲಿ ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ಒಂದು ಕಡೆ ತಾವು ಕುಳಿತು, ಇನ್ನೊಂದು ಕಡೆ ಕಡಲೆಯ ಚೀಲ ಇಡಿಸುತ್ತಿದ್ದರು. ಬಂದ ಗಿರಾಕಿಗಳು ಯಾವುದು ಮಾರಾಟಕ್ಕಿದೆ ಎಂದು ಕೇಳುತ್ತಿದ್ದರು. ಮೊದಲು ಅರೆಬೆಂದ ಹಾಲಿನಿಂದ ಮಾಡಿ ತಿಂದದ್ದರ ಪರಿಣಾಮವನ್ನು ನಾನು ಬಾಯಿಬಿಟ್ಟು ಹೇಳುವಂತಿಲ್ಲ. ಕಿವಿಯಿದ್ದ ನೆರೆಹೊರೆಯವರಿಗೆಲ್ಲ ಅದು ಗೊತ್ತಾಯಿತು! ಆಗ ಪಂಡಿತರ ಪಕ್ಷ ಗೆದ್ದಂತೆಯೇ ಇತ್ತು. ಆದರೆ ಕಾಕಾ ಬಿಡಲಿಲ್ಲ. ಹಾಲನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಕುದಿಸಿದರೆ ಹಸಿ ವಾಸನೆಯೂ ಹೋಗುತ್ತದೆ, ಹೊಟ್ಟೆಯೂ ಸುಮ್ಮನಿರುತ್ತದೆ ಎಂದು ಕಂಡುಕೊಂಡರು. ಹಿಂಡಿ ಉಳಿದ ಗಷ್ಟನ್ನು ಹಿತ್ತಲಿನ ನಮ್ಮ ಎಮ್ಮೆ ಚಪ್ಪರಿಸಿ ತಿಂದಿತು. "ನೋಡ್ರಿ, ಎಮ್ಮಿ ನನ್ನ ಕಡಿ ಐತಿ" ಎಂದು ಓಣಿಗೆಲ್ಲ ಸಾರಿದರು.

ರುಚಿಯ ಕೆಲಸ ನನ್ನ ಪಾಲಿಗೆ ಬಂತು. ಆ ಗಿಣ್ಣಕ್ಕೆ ಸ್ವಂತ ರುಚಿಯೇ ಇಲ್ಲ, ಸಾರಿಗೆ ಹಾಕಿದರೆ ಸಾರಿನ ರುಚಿ, ಚಟ್ನಿಗೆ ಹಾಕಿದರೆ ಚಟ್ನಿಯ ರುಚಿ. ನನಗೆ ಅದೇ ಕುತೂಹಲ ಹುಟ್ಟಿಸಿತು. ಹೊಸ ಸೊಸೆಗೆ ಅತ್ತೆಯ ಅಡುಗೆಮನೆಯಲ್ಲಿ ಆಡಲು ಇಂಥ ಅವಕಾಶ ಎಲ್ಲಿ ಸಿಗಬೇಕು? ಎಣ್ಣೆಗಾಯಿಯ ಮಸಾಲೆಯಲ್ಲಿ ಬೇಯಿಸಿದೆ. ಗುರೆಳ್ಳು ಪುಡಿ ಉದುರಿಸಿದೆ. ಕಡೆಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯಲ್ಲಿ ಪುಡಿಪುಡಿ ಮಾಡಿ ಹುರಿದು ಕಡಲೆಹಿಟ್ಟಿನ ಝುಣಕದ ಹಾಗೆ ಮಾಡಿದೆ. ಅತ್ತೆ ಒಲೆಯ ಹತ್ತಿರ ಯಾರೂ ಇಲ್ಲವೆಂದುಕೊಂಡು ಒಂದು ಚಮಚ ಬಾಯಿಗೆ ಹಾಕಿಕೊಂಡಿದ್ದನ್ನು ನಾನು ಕಂಡೆ, ಆಮೇಲೆ ಇನ್ನೊಂದನ್ನೂ ಕಂಡೆ.

ಉಳಿದದ್ದು ದೇವರ ಒಪ್ಪಿಗೆ. ಹೆಸರಿಲ್ಲದ ಪದಾರ್ಥವನ್ನು ಎಡೆ ಹಿಡಿಯುವುದು ಹೇಗೆ? ಅಜ್ಜಿ, ನಮ್ಮ ಮನೆತನದ ಗುರುಗಳಾದ ಅಯ್ಯನವರನ್ನು ಕರೆಸಿ ಎಂದರು. ಅದಕ್ಕೆ ಕಾರಣವೂ ಇತ್ತು. ಸೋಮವಾರ ಅವರದು ಹಾಲುಹಣ್ಣಿನ ಉಪವಾಸ. ಹಾಲು ಒಗ್ಗದ ಮೇಲೆ ಆ ದಿನ ಬರೀ ಹೊಟ್ಟೆ. ಇದು ಹಾಲು ಎಂದು ಅಯ್ಯನವರು ಒಪ್ಪಿದರೆ ಸೋಮವಾರವೂ ಹೊಟ್ಟೆಗೆ ಏನಾದರೂ ಬೀಳುತ್ತಿತ್ತು. ಕಾಕಾ ವಕೀಲರ ಹಾಗೆ ತಯಾರಾಗಿ ಕುಳಿತರು.

"ಅಯ್ಯನವರ, ಹಿಂಡಿದ್ರ ಹಾಲು ಬರತೈತಿ. ಬೆಳ್ಳಗ ಐತಿ. ಕಾಸಿದ್ರ ಕೆನಿ ಕಟ್ಟತೈತಿ, ಉಕ್ಕತೈತಿ, ಹುಳಿ ಬಿದ್ರ ಒಡೀತೈತಿ. ಹಾಲು ಅನ್ನಿಸಿಕೊಳ್ಳಾಕ ಇನ್ನೇನ್ ಮಾಡಬೇಕ್ರಿ ಅದು?"

ಅಯ್ಯನವರು ಲೋಟದಲ್ಲಿ ಇಣುಕಿದರು. ಮೂಸಿದರು. ಆಮೇಲೆ ಶಾಂತವಾಗಿ ಕೇಳಿದರು: "ಎಲ್ಲಾ ಖರೇ. ಕರಾ ಎಲ್ಲೈತಿ?"

ಕಾಕಾ ಲೋಟವನ್ನು ವಾಪಸು ತೆಗೆದುಕೊಂಡರು. ಅವರು ವಾದದಲ್ಲಿ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕರುವಿಲ್ಲದೆ ಯಾವ ತಾಯಿಗೆ ಹಾಲು ಬಂದೀತು? ಅಯ್ಯನವರು ಝುಣಕದ ತಾಟು ಖಾಲಿ ಮಾಡಿ ತೀರ್ಪು ಕೊಟ್ಟರು: "ಎಡಿ ಮಾಡಾಕ ಅಡ್ಡಿ ಇಲ್ಲ. ಛಲೋ ಐತಿ. ಆದ್ರ ಇದು ಕಾಳು. ಹಾಲಂತ ಅನಬ್ಯಾಡ್ರಿ."

ಹೀಗೆ ಸೋಮವಾರ ಬಿಟ್ಟು ಉಳಿದ ದಿನ ಅಜ್ಜಿಯ ಊಟ ಶುರುವಾಯಿತು. ಮೊದಲ ದಿನ ಕಾಕಾ ತಾವೇ ಕುಳಿತು ತಿನ್ನಿಸಿದರು. "ಇದಕ್ಕ ರುಚಿನ ಇಲ್ಲಲ್ಲೋ ಯಪ್ಪಾ" ಎಂದರು ಅಜ್ಜಿ. "ಕೆಟ್ಟ ರುಚಿನೂ ಇಲ್ಲಲ್ಲಬೇ!" ಎಂದರು ಕಾಕಾ. ಅಂದು ಇಡೀ ದಿನ ಅವರು ಅಂಗಡಿಗೆ ಹೋಗಲಿಲ್ಲ. ಅಜ್ಜಿಯ ಕೋಣೆಯ ಹೊರಗೆ ಕುಳಿತು, ಒಳಗಿನಿಂದ ಕೆಮ್ಮು ಕೇಳಿದರೂ ಎದ್ದು ನಿಲ್ಲುತ್ತಿದ್ದರು. ಹೊಟ್ಟೆ ಕೆಡಲಿಲ್ಲ. ದಿನ ಕಳೆದ ಹಾಗೆ ಅಜ್ಜಿ ಗೋಡೆ ಹಿಡಿದು ಕೂತರು, ಯುಗಾದಿಯ ಹೊತ್ತಿಗೆ ಪಡಸಾಲೆಗೆ ಬಂದರು, ಮುಂಗಾರಿನ ಹೊತ್ತಿಗೆ ಬಳೆಗಳು ಮಣಿಕಟ್ಟಿನಲ್ಲಿ ನಿಂತವು. ಪಂಡಿತರು ಇದು ತಮ್ಮ ಕಷಾಯದ ಗುಣ ಎಂದರು, ಡಾಕ್ಟರು ತಮ್ಮ ಟಾನಿಕ್ಕಿನದು ಎಂದರು. ಸೋಯಾ ಆರೋಗ್ಯಕ್ಕೆ ಒಳ್ಳೆಯದೋ ಅಲ್ಲವೋ ಎಂಬ ವಾದ ಮುಗಿಯಲೇ ಇಲ್ಲ. ಈಗಲೂ ಮೊಮ್ಮಕ್ಕಳು ನನ್ನೆದುರು ಅದೇ ಜಗಳ ಆಡುತ್ತಾರೆ!

ಪಂಚಮಿ ಬಂತು. ಅಜ್ಜಿ ನನ್ನ ಭುಜ ಹಿಡಿದು ತಮ್ಮ ಕಾಲ ಮೇಲೆ ನಡೆದು ನಾಗಪ್ಪನ ಕಟ್ಟೆಗೆ ಹೋದರು. ಓಣಿಯ ಹೆಂಗಸರೆಲ್ಲ ಅಲ್ಲಿದ್ದರು, ಅಯ್ಯನವರೂ ಇದ್ದರು. ಅಜ್ಜಿ ಎಮ್ಮೆಯ ಹಾಲು ಎರೆಯುತ್ತ ಪಾಲು ಹೇಳತೊಡಗಿದರು. ದೇವರ ಪಾಲು, ಗುರುವಿನ ಪಾಲು, ತೀರಿಹೋದ ಅಜ್ಜನ ಪಾಲು, ದೊಡ್ಡ ಮಗನ ಪಾಲು, ಸೊಸೆಯ ಪಾಲು, ಮೊಮ್ಮಗನ ಪಾಲು, ನನ್ನ ಪಾಲು. ಕಾಕಾನ ಹೆಸರು ಮಾತ್ರ ಬರಲಿಲ್ಲ. ಮರೆತರೇನೋ ಎಂದು ನಾನು ಅವರ ಕಿವಿಯಲ್ಲಿ ಹೇಳಹೋದೆ. ಅಜ್ಜಿ ನನ್ನನ್ನು ತಡೆದು, ಸೆರಗಿನೊಳಗಿನಿಂದ ಒಂದು ಸಣ್ಣ ಗಿಂಡಿ ತೆಗೆದರು. ಅದರಲ್ಲಿ ಆ ದಿನ ಬೆಳಗ್ಗೆ ಕಾಕಾ ಹಿಂಡಿಟ್ಟ ಕಾಳಿನ ಹಾಲು! ಯಾರ ಕಣ್ಣು ತಪ್ಪಿಸಿ ತುಂಬಿಕೊಂಡಿದ್ದರೋ.

"ಅವ್ವಾರ, ಅದು ಹಾಲಲ್ರಿ" ಎಂದರು ಅಯ್ಯನವರು, ಮೆಲ್ಲಗೆ.

"ಗೊತ್ತೈತ್ರಿ ಅಯ್ಯನವರ. ಅವತ್ತ ನೀವು ಕರಾ ಎಲ್ಲೈತಿ ಅಂತ ಕೇಳಿದ್ರಿ. ಇವನ ಬಾಯಿ ಕಟ್ಟಿತ್ತು. ನಾ ಹೇಳತೇನಿ ಕೇಳ್ರಿ." ಅಜ್ಜಿ ತಿರುಗಿ, ಗುಂಪಿನ ಹಿಂದೆ ಕೊಡೆ ಹಿಡಿದು ನಿಂತಿದ್ದ ಕಾಕಾನ ಕಡೆಗೆ ಕೈ ತೋರಿಸಿದರು. "ನೋಡ್ರಿ, ಅಲ್ಲಿ ನಿಂತೈತಿ ನನ್ನ ಕರಾ. ಎಲ್ಲಾ ಕಡೆ ತಾಯಿ ಕರಕ್ಕ ಹಾಲು ಕುಡಸತಾಳ. ನನಗ ನನ್ನ ಕರಾನೇ ಹಾಲು ಕುಡಿಸಿ ಎಬ್ಬಿಸೇತಿ."

ಅಯ್ಯನವರು ನಾಗಪ್ಪನ ಕಲ್ಲಿನ ಮುಂದಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಜ್ಜಿ ಗಿಂಡಿ ಬಗ್ಗಿಸಿ, ಓಣಿಗೆಲ್ಲ ಕೇಳುವಂತೆ ಸಣ್ಣ ಮಗನ ಪಾಲು ಹೇಳಿದರು. ಕಾಕಾ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಆ ಹೊತ್ತಿನಲ್ಲಿ ಮಳೆ ಇರಲಿಲ್ಲ.